ವಿಮಾನಕ್ಕೆ ಸುಣ್ಣಬಣ್ಣ

ಹಬ್ಬಕ್ಕೆ ಹದಿನೈದು ದಿನ ಇದೆ ಎನ್ನುವಾಗ ಮನೆಗೆ ಬಣ್ಣ ಹೊಡೆಸುವ ಯೋಚನೆ ಬಂದರೆ ಆ ವರ್ಷದ ಹಬ್ಬದ ಆಸೆ ಬಿಟ್ಟಂತೆಯೇ. ನಮ್ಮ ಪೇಂಟರ್ ಬಂದವನೇ ನಡುಮನೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಎದೆ ಪರೀಕ್ಷೆ ಮಾಡಿದ ಡಾಕ್ಟರ ಹಾಗೆ ಮುಖ ಸಣ್ಣಗೆ ಮಾಡಿದ. "ಪೂರ್ತಿ ಕೆರೀಬೇಕು ಸಾರ್. ಹಳೇದ್ರ ಮೇಲೇ ಹೊಡುದ್ರೆ ಹಪ್ಪಳ ಏಳುತ್ತೆ" ಎಂದ. ಕೆರೆದ. ಮೊದಲು ಕೆನೆಬಣ್ಣ ಉದುರಿತು. ಅದರಡಿ ನನ್ನ ಮದುವೆಗೆಂದು ಹೊಡೆಸಿದ್ದ ತಿಳಿಗುಲಾಬಿ. ಅದರಡಿ ಅಪ್ಪನ ಕಾಲದ ಹಸಿರು, ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಟ್ಟರೆ ಬೇರೆಲ್ಲೂ ನೋಡಸಿಗದಂಥದ್ದು. ಆ ಹಸಿರು ಗೋಡೆಯ ಮೇಲೆ ಒಂದು ಕಾಲಕ್ಕೆ ಏರ್ ಇಂಡಿಯಾ ಕ್ಯಾಲೆಂಡರ್ ತೂಗುತ್ತಿತ್ತು. ಮೊಳೆಯ ತೂತು ಇನ್ನೂ ಇದೆ. ಅವನು ಕೆರೆಯುತ್ತಾ ಹೋದ, ನಾನು ಆ ತೂತಿನ ಮೂಲಕ ವಿಮಾನ ಹತ್ತಿದೆ.

ವಿಮಾನಕ್ಕೂ ಹೊಸ ಬಣ್ಣ ಬಳಿಯುವ ಮುಂಚೆ ಹಳೆಯದನ್ನು ತೆಗೆಯುತ್ತಾರೆ. ಅಲ್ಲಿ ಹಪ್ಪಳದ ಜೊತೆಗೆ ತೂಕದ ಭಯವೂ ಉಂಟು. ಒಂದು ಜಂಬೋ ಜೆಟ್ಟಿನ ಮೈಗೆ ಬಳಿದ ಬಣ್ಣವೇ ಎರಡು ಕ್ವಿಂಟಲ್ ದಾಟುತ್ತದೆ. ಎರಡು ಮೂಟೆ ಅಕ್ಕಿಯನ್ನು ಸುಮ್ಮನೆ ಊರೂರಿಗೆ ಹೊತ್ತು ತಿರುಗಿದ ಹಾಗೆ. ಅಮೆರಿಕನ್ ಏರ್‌ಲೈನ್ಸ್‌ನವರು ಈ ಗೊಡವೆಯೇ ಬೇಡವೆಂದು, ಉದ್ದಕ್ಕೆ ಮೂರು ಪಟ್ಟೆ ಎಳೆದು, ಉಳಿದ ಅಲ್ಯೂಮಿನಿಯಂ ಮೈಯನ್ನು ತಿಕ್ಕಿ ಹೊಳೆಸಿ ದಶಕಗಟ್ಟಲೆ ಹಾರಿಸಿದರು. ನಮ್ಮಜ್ಜಿ ಹುಣಸೆಹಣ್ಣು ಹಾಕಿ ಬೆಳಗಿದ ತಂಬಿಗೆಗಳು ಸಾಲಾಗಿ ಆಕಾಶಕ್ಕೆದ್ದಂತೆ ಇದ್ದಿರಬೇಕು.

ತಾರಸಿಗೆ ಬಿಳಿ ಹೊಡೆಸಿದರೆ ಕೆಳಗೆ ತಂಪು ಎಂದು ಪೇಂಟರ್ ಹೇಳಿದ. ಕಾಂಕಾರ್ಡಿನವರಿಗೂ ಈ ಗುಟ್ಟು ಗೊತ್ತಿತ್ತು. ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗುವಾಗ ಆ ವಿಮಾನದ ಮೂತಿ 120 ಡಿಗ್ರಿಗೂ ಮೀರಿ ಕಾಯುತ್ತಿತ್ತು, ಇಡೀ ಮೈ ಸುಮಾರು ಒಂದು ಗೇಣು ಹಿಗ್ಗುತ್ತಿತ್ತು. ಹಾಗಾಗಿ ಬಿಳಿಯೇ ಬೇಕು. 1996ರಲ್ಲಿ ಪೆಪ್ಸಿಯವರು ದುಡ್ಡು ಕೊಟ್ಟು ಏರ್ ಫ್ರಾನ್ಸ್‌ನ ಒಂದು ಕಾಂಕಾರ್ಡಿಗೆ ಕಡುನೀಲಿ ಬಳಿಸಿದರು. ಇಂಜಿನಿಯರುಗಳು ಇಂಧನ ತುಂಬಿದ ರೆಕ್ಕೆಗಳನ್ನು ಮುಟ್ಟಗೊಡಲಿಲ್ಲ. ಪೂರ್ತಿ ವೇಗದಲ್ಲಿ 20 ನಿಮಿಷಕ್ಕಿಂತ ಹೆಚ್ಚು ಹಾರಬಾರದು ಎಂದು ಕಟ್ಟಪ್ಪಣೆ ಮಾಡಿದರು. ಆಗ ಜಗತ್ತಿನಲ್ಲಿ ಹಾರುತ್ತಿದ್ದ ಅತಿ ವೇಗದ ಪ್ರಯಾಣಿಕ ವಿಮಾನ, ಹೊಸ ರೇಷ್ಮೆ ಸೀರೆ ಉಟ್ಟವರು ಕೆಸರಿನಲ್ಲಿ ನಡೆಯುವಂತೆ ಕೆಲವು ವಾರ ನಾಜೂಕಾಗಿ ಓಡಾಡಿತು.

ಬಣ್ಣದ ವಿಷಯದಲ್ಲಿ ಎಲ್ಲರೂ ಪಂಡಿತರು. 1997ರಲ್ಲಿ ಬ್ರಿಟಿಷ್ ಏರ್‌ವೇಸ್‌ನವರು ಬಾಲದ ಮೇಲಿನ ಧ್ವಜದ ಬಣ್ಣ ತೆಗೆದು ದೇಶದೇಶದ ಚಿತ್ತಾರ ಬಿಡಿಸಲು ಹೊರಟಾಗ ಮಾರ್ಗರೆಟ್ ಥ್ಯಾಚರ್ ಮೇಜಿನ ಮೇಲಿದ್ದ ಮಾದರಿ ವಿಮಾನದ ಬಾಲಕ್ಕೆ ತಮ್ಮ ಕರವಸ್ತ್ರ ಮುಚ್ಚಿಬಿಟ್ಟರು. ನಾನು ಶೇಡ್ ಕಾರ್ಡಿನಲ್ಲಿ ಆರಿಸಿದ ಬಣ್ಣದ ಮೇಲೆ ನನ್ನ ಹೆಂಡತಿ ಕಾಫಿ ಲೋಟ ಇಟ್ಟದ್ದೂ ಅದೇ ಧಾಟಿಯಲ್ಲಿ.

ಕ್ಯಾಲೆಂಡರಿನ ವಿಮಾನಕ್ಕೆ ಬರುತ್ತೇನೆ. 1971ರಲ್ಲಿ ಏರ್ ಇಂಡಿಯಾದ ಮೊದಲ ಜಂಬೋ ಬೊಂಬಾಯಿಗೆ ಬಂದಿಳಿಯಿತು. ಹೆಸರು 'ಎಂಪರರ್ ಅಶೋಕ'. ಆಕಾಶದ ಅರಮನೆ ಎಂದು ಜಾಹೀರಾತು. ಅರಮನೆ ಎಂದಮೇಲೆ ಝರೋಖಾ ಬೇಡವೆ? ಒಂದೊಂದು ಕಿಟಕಿಯ ಸುತ್ತಲೂ ರಾಜಸ್ಥಾನದ ಮಹಲುಗಳಲ್ಲಿರುವಂಥ ಕೆಂಪು ಕಮಾನು, ನೆತ್ತಿಯಲ್ಲಿ ಮೊನಚು. ಮೂತಿಯಿಂದ ಬಾಲದವರೆಗೆ ಸಾಲು ಸಾಲು ಕಮಾನುಗಳು. ಆಮೇಲೆ ಬಂದ ಜಂಬೋಗಳಿಗೂ ದೊರೆಗಳ ಹೆಸರೇ. ಶಾಹಜಹಾನ್, ರಾಜೇಂದ್ರ ಚೋಳ, ವಿಕ್ರಮಾದಿತ್ಯ ಬಂದರು. ನಮ್ಮ ಕೃಷ್ಣದೇವರಾಯನೂ ಬಂದ. ಹಂಪಿಗೆ ವಿಮಾನದಲ್ಲಿ ಹೋಗಬೇಕೆಂದರೆ ಇವತ್ತಿಗೂ ತೋರಣಗಲ್ಲಿನ ಸಣ್ಣ ನಿಲ್ದಾಣವೇ ಗತಿ, ಅಲ್ಲಿ ಜಂಬೋ ಇಳಿಯುವ ಮಾತಿಲ್ಲ. ರಾಯರು ಮಾತ್ರ ತಮ್ಮ ರಾಜಧಾನಿಯ ಕಡೆ ತಲೆಯನ್ನೂ ಹಾಕದೆ ಸಾಗರದಾಚೆ ಸವಾರಿ ಮಾಡಿಕೊಂಡಿದ್ದರು. (ಅಶೋಕನೂ ಕನಿಷ್ಕ ಎಂಬ ಇನ್ನೊಂದು ಜಂಬೋವೂ ಸಮುದ್ರ ಸೇರಿದ ಕಥೆ ಇಂಥ ಹರಟೆಯಲ್ಲಿ ಹೇಳುವಂಥದ್ದಲ್ಲ.)

ಚಿಕ್ಕಂದಿನಲ್ಲಿ ಆ ಕ್ಯಾಲೆಂಡರನ್ನು ಸ್ಟೂಲು ಹತ್ತಿ ಮೂಗು ತಾಗಿಸಿ ನೋಡುತ್ತಿದ್ದೆ, ಕಮಾನಿನೊಳಗೆ ಯಾರಾದರೂ ಕಾಣುತ್ತಾರೋ ಎಂದು. ಬರೀ ಅಚ್ಚಿನ ಚುಕ್ಕಿಗಳು. ಬಹಳ ವರ್ಷದ ಮೇಲೆ ಹೊಳೆಯಿತು: ಒಳಗೆ ಕೂತವನಿಗೆ ಈ ಝರೋಖಾ ಕಾಣುವುದೇ ಇಲ್ಲ. ಅವನಿಗೆ ಸಿಗುವುದು ಸಾದಾ ಪ್ಲಾಸ್ಟಿಕ್ ಕಿಟಕಿ. ಟಿಕೆಟ್ಟಿಗೆ ದುಡ್ಡು ತೆತ್ತವನಿಗಿಲ್ಲದ ಅರಮನೆ, ಬೇಲಿಯಾಚೆ ಕಡಲೆಕಾಯಿ ತಿನ್ನುತ್ತಾ ನಿಂತವನ ಪಾಲಿಗೆ. 1989ರಲ್ಲಿ ಬಿಳಿ ಮೈ, ಕೆಂಪು ಬಾಲ, ಅದರ ಮೇಲೊಂದು ಚಿನ್ನದ ಚಕ್ರ ಎಂದು ಹೊಸ ವೇಷ ತೊಡಿಸಿ ನೋಡಿದರು. ಜನಕ್ಕೆ ಹಿಡಿಸಲಿಲ್ಲ. ಕೆಲವೇ ವರ್ಷದಲ್ಲಿ ಕಮಾನು ವಾಪಸು ಬಂತು. ಬೇಲಿಯಾಚೆಯವರ ಗೆಲುವು ಎಂದೇ ನನ್ನ ಲೆಕ್ಕ.

ಬೇಲಿಯಾಚೆಯವನನ್ನೇ ವಿಮಾನದ ಮೈಮೇಲೆ ಬರೆಸಿದ್ದು ಬೆಂಗಳೂರಿನವರು. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರುಮಾಡಿದಾಗ, ಏರ್ ಇಂಡಿಯಾದ ಲಾಂಛನವಾದ ಮಹಾರಾಜನಿಗೆ ಎದುರಾಗಿ ಅವರು ನಿಲ್ಲಿಸಿದ್ದು ಮೈಸೂರಿನ ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನು. ಚೌಕಳಿ ಕೋಟು, ಕಚ್ಚೆಪಂಚೆ, ಕಕ್ಕಾಬಿಕ್ಕಿ ಮುಖದ ಮುದುಕ. ಆಮೇಲೆ ಒಂದು ರೂಪಾಯಿ ಟಿಕೆಟ್ಟೂ ಬಂತು. ನಮ್ಮ ಬೀದಿಯವರೊಬ್ಬರು ಅದು ಸಿಕ್ಕಿತೆಂದು ಕೆಲಸವೇ ಇಲ್ಲದ ಊರಿಗೆ ಹೋಗಿ ಬಂದರು. ವಾಪಸು ಬರುವ ಟಿಕೆಟ್ ಎಷ್ಟಾಯಿತು ಎಂಬುದನ್ನು ಅವರ ಮನೆಯಾಕೆ ಇಂದಿಗೂ ಹೇಳುತ್ತಿರುತ್ತಾರೆ. ಐದು ವರ್ಷ ಕಳೆಯುವುದರೊಳಗೆ ಕಂಪನಿ ಕಿಂಗ್‌ಫಿಷರ್ ಪಾಲಾಗಿ, ಶ್ರೀಸಾಮಾನ್ಯನ ಜಾಗಕ್ಕೆ ಕೆಂಪು ಬಣ್ಣವೂ ಮಿಂಚುಳ್ಳಿಯೂ ಬಂದವು. ಅವನು ಚಕಾರ ಎತ್ತಲಿಲ್ಲ. ಲಕ್ಷ್ಮಣರ ಚಿತ್ರಗಳಲ್ಲೂ ಅವನು ಯಾವತ್ತೂ ಬಾಯಿ ಬಿಟ್ಟವನಲ್ಲ.

ಮುದಿ ವಿಮಾನಗಳು ಎಲ್ಲಿಗೆ ಹೋಗುತ್ತವೆ? ಪುಣ್ಯವಂತ ವಿಮಾನಗಳು ಮರುಭೂಮಿಗೆ, ಕ್ಯಾಲಿಫೋರ್ನಿಯಾದ ಮೊಹಾವೆಗೋ ಸ್ಪೇನಿನ ಟೆರುವೆಲ್‌ಗೋ. ಒಣಹವೆಯಲ್ಲಿ ತುಕ್ಕು ನಿಧಾನ. ಮಾರಿದ ವಿಮಾನಕ್ಕೆ ಮೊದಲು ಮಾಡುವ ಸಂಸ್ಕಾರವೆಂದರೆ ಹೆಸರಿನ ಮೇಲೆ ಬಿಳಿ ಬಳಿಯುವುದು. ಆಮೇಲೆ ಇಂಜಿನ್, ಚಕ್ರ, ಸೀಟು ಒಂದೊಂದಾಗಿ ಕಳಚುತ್ತವೆ. ಕೊನೆಗುಳಿದ ತೊಗಟೆಯನ್ನು ಬೆರಳುದ್ದ ತುಂಡು ಮಾಡಿ ಕೀಲಿಕೈ ಗೊಂಚಲಿಗೆ ಮಾರುವವರೂ ಇದ್ದಾರೆ. ಕೊಳ್ಳುವವರು ಹುಡುಕುವುದು ಬಣ್ಣವಿರುವ ತುಂಡನ್ನೇ. ಏರ್ ಇಂಡಿಯಾದ 'ಆಗ್ರಾ' ಎಂಬ ಜಂಬೋ 2024ರ ಏಪ್ರಿಲ್‌ನಲ್ಲಿ ಬಿಡಿಭಾಗಗಳಾಗಲು ಮುಂಬೈಯಿಂದ ಅಮೆರಿಕಕ್ಕೆ ಹೊರಟಾಗ, ಪೈಲಟ್ ನೆಲ ಬಿಟ್ಟೊಡನೆ ರೆಕ್ಕೆಗಳನ್ನು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಬಾಗಿಸಿದರು. ವಿಡಿಯೋ ನೋಡಿದೆ. ತವರಿನಿಂದ ಹೊರಟ ಬಸ್ಸಿನ ಕಿಟಕಿಯಲ್ಲಿ ಆಡುವ ಕೈಯ ಹಾಗಿತ್ತು.

ಅಷ್ಟು ಪುಣ್ಯವಿಲ್ಲದವು ರಸ್ತೆಗೆ ಬೀಳುತ್ತವೆ. 2022ರಲ್ಲಿ ಹೋಟೆಲಾಗಬೇಕಿದ್ದ ಒಂದು ವಿಮಾನ ಕೊಚ್ಚಿಯಿಂದ ಹೈದರಾಬಾದಿಗೆ ಟ್ರೈಲರ್ ಮೇಲೆ ಹೋಗುತ್ತಾ ಆಂಧ್ರದ ಬಾಪಟ್ಲ ಜಿಲ್ಲೆಯಲ್ಲಿ ಸೇತುವೆಯಡಿ ಸಿಕ್ಕಿಕೊಂಡಿತು. ಮರುವರ್ಷ ಬಿಹಾರದ ಮೋತಿಹಾರಿಯಲ್ಲಿ ಇನ್ನೊಂದು. ಮೂವತ್ತು ಸಾವಿರ ಅಡಿ ಎತ್ತರ ಲೆಕ್ಕಕ್ಕಿಡದ ಜೀವಗಳು ಹದಿನೈದಿಪ್ಪತ್ತು ಅಡಿಯ ಸೇತುವೆಗೆ ಸೋತವು. ಬೋಯಿಂಗ್ 737 ವಿಮಾನವೊಂದರ ಕಥೆ ಇದಕ್ಕಿಂತ ಸೊಗಸು. 2012ರಿಂದ ಕೋಲ್ಕತ್ತ ನಿಲ್ದಾಣದ ಮೂಲೆಯಲ್ಲಿ ನಿಂತಿದ್ದ ಅದನ್ನು ಮಾಲೀಕರು ಮರೆತೇಬಿಟ್ಟಿದ್ದರಂತೆ. ನಿಲ್ದಾಣದವರು ತೆಗೆದುಕೊಂಡು ಹೋಗಿ ಎಂದಾಗಲೇ ನೆನಪು. ಪಾರ್ಕಿಂಗ್ ಬಾಕಿ ಒಂದು ಕೋಟಿಯ ಹತ್ತಿರ. ನಾನು ಸ್ಕೂಟರನ್ನು ಮಾರ್ಕೆಟ್ಟಿನಲ್ಲಿ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದದ್ದನ್ನು ಆಡಿಕೊಳ್ಳುವವರು ಇದನ್ನು ಗಮನಿಸಬೇಕು. 2025ರ ನವೆಂಬರ್‌ನಲ್ಲಿ ಆ 43 ವರ್ಷದ ವಿಮಾನ ಮಾರಾಟವಾಗಿ ಟ್ರೈಲರ್ ಏರಿ ರಸ್ತೆ ಹಿಡಿಯಿತು. ಎಲ್ಲಿಗೆ ಅಂತೀರಿ? ಬೆಂಗಳೂರಿಗೇ. ದುರಸ್ತಿ ಕಲಿಯುವ ಹುಡುಗರು ಬಿಚ್ಚಿ ಜೋಡಿಸಲೆಂದು.

ಇದನ್ನೆಲ್ಲ ಕೇಳುತ್ತಾ ಪೇಂಟರ್ ಉಪ್ಪು ಕಾಗದ ತಿಕ್ಕುವುದನ್ನು ನಿಲ್ಲಿಸಿ ಮೊಬೈಲಿನಲ್ಲಿ ಸೇತುವೆಯಡಿಯ ವಿಮಾನ ನೋಡಿದ. "ಟೈರ್ ಗಾಳಿ ಸ್ವಲ್ಪ ಬಿಟ್ಟಿದ್ರೆ ಹೋಗ್ತಿತ್ತು ಸಾರ್" ಎಂದವನು, ಅದರ ಬೆನ್ನನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ, "ಪ್ರೈಮರ್ ಮಾತ್ರ ಬಲವಾಗಿ ಹೊಡ್ದವ್ರೆ" ಎಂದು ಮೆಚ್ಚಿದ.

ಅಷ್ಟರಲ್ಲಿ ಮೊಳೆಯ ತೂತಿದ್ದ ಕಡೆಗೆ ಅವನ ಕೆರೆಯುವ ಸರದಿ ಬಂತು. "ಅಲ್ಲೊಂದು ಮೊಳದಷ್ಟು ಹಸಿರು ಹಾಗೇ ಬಿಟ್ಟುಬಿಡಪ್ಪ, ಹೇಗೂ ಬೀರು ಅಡ್ಡ ಬರುತ್ತೆ, ಯಾರಿಗೂ ಕಾಣಲ್ಲ" ಎಂದೆ. ಅವನು ನನ್ನ ಮುಖ ನೋಡಿದ, ಅಡುಗೆಮನೆಯ ಕಡೆ ನೋಡಿದ, ದನಿ ತಗ್ಗಿಸಿದ.

"ಬಿಡ್ತೀನಿ ಸಾರ್. ಕೂಲಿ ಮಾತ್ರ ಕಮ್ಮಿ ಆಗಲ್ಲ."