ಬೈಯೋಕೆ ಯಾರೂ ಸಿಗದ ಸರ್ವರ್

ಪುಕ್ಕಟೆ ಸಿಕ್ಕಿದ್ದನ್ನು ಬಿಡಬಾರದು ಅನ್ನೋ ಚಟ ನಿಮಗೂ ಇದ್ದರೆ ಬನ್ನಿ, ಪಕ್ಕದಲ್ಲೇ ಕೂತ್ಕೊಳ್ಳಿ. ಲೋಕಿಕೆರೆಯ ನಮ್ಮಕ್ಕನ ಗೊಬ್ಬರದ ಅಂಗಡಿಯ ಉದ್ರಿ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತೇನೆಂದು ಹೊರಟವನು ನಾನು. ಕಾಸು ಕೊಡುವ ಸರ್ವರಿನ ಲೈಸೆನ್ಸ್ ದರ ಕೇಳಿ ತಲೆ ತಿರುಗಿ, ಸೆಂಟ್‌ಓಎಸ್ 8 ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದೆ. ಬಿಡಿಗಾಸು ಬೇಡ, 2029ರವರೆಗೆ ಅಪ್‌ಡೇಟು. ‘ಇನ್ನು ಒಂಬತ್ತು ವರ್ಷ ಇದರ ತಂಟೆಗೇ ಬರೋದು ಬೇಡಕ್ಕಾ’ ಎಂದು ಮೀಸೆ ತಿರುವಿದೆ. 2020ರ ಡಿಸೆಂಬರಿನಲ್ಲಿ ಸುದ್ದಿ ಬಂತು: 2021ರ ಕೊನೆಗೇ ಅದಕ್ಕೆ ಮಂಗಳ! ದುಡ್ಡು ಕೊಟ್ಟಿದ್ದರೆ ಜಗಳ ತೆಗೆಯಬಹುದಿತ್ತು. ಬಿಲ್ಲೇ ಇಲ್ಲದವನು ಯಾವ ಮುಖ ಹೊತ್ತು ಹೋಗಲಿ?

ಅದನ್ನು ಬಿಟ್ಟು ಇನ್ನೊಂದು ಪುಕ್ಕಟೆ ಸಿಸ್ಟಂ ಡೆಬಿಯನ್‌ಗೆ ಬಂದೆ. 1993ರಿಂದ ಸ್ವಯಂಸೇವಕರೇ ಸಾಕಿಕೊಂಡು ಬಂದದ್ದು. ಯಾವ ಕಂಪನಿಯೂ ಒಂದು ಬೆಳಗ್ಗೆ ಎದ್ದು ಬಾಗಿಲು ಹಾಕುವಂತಿಲ್ಲ. ಆದರೆ ಪಾಸ್‌ವರ್ಡ್ ಒತ್ತಿದರೆ ತೆರೆಯ ಮೇಲೆ ಒಂದು ಚುಕ್ಕಿಯೂ ಇಲ್ಲ. ಕೀಬೋರ್ಡ್ ಸತ್ತಿದೆ ಎಂದು ದಾವಣಗೆರೆಗೆ ಹೋಗಿ ಹೊಸದು ತಂದೆ. ಬೆಣ್ಣೆದೋಸೆ ಖರ್ಚು ಬೇರೆ. ಹೊಸ ಕೀಬೋರ್ಡಿನಲ್ಲೂ ಅಷ್ಟೇ. ಕದ್ದು ನೋಡುವವರಿಗೆ ಎಷ್ಟು ಅಕ್ಷರ ಅನ್ನೋದೂ ತಿಳಿಯಬಾರದೆಂದು ಬೇಕಂತಲೇ ಹಾಗೆ ಮಾಡಿದ್ದಾರಂತೆ.

ಮುಂದೆ ಹರಿಹರದ ನಮ್ಮ ಮನೆಯಲ್ಲಿ ಕೂತೇ, ಎಸ್‌ಎಸ್‌ಎಚ್ ಮೂಲಕ ದೂರದಿಂದಲೇ ಸರ್ವರಿಗೆ ಫೈರ್‌ವಾಲ್ ಕಟ್ಟಿದೆ. ‘ಎಸ್‌ಎಸ್‌ಎಚ್ ಸಂಪರ್ಕಕ್ಕೆ ತೊಂದರೆ ಆಗಬಹುದು, ಮುಂದುವರಿಯಲೇ?’ ಎಂದು ಕೇಳಿತು. ಓದದೇ ‘ವೈ’ ಒತ್ತುವುದು ನಮ್ಮ ನಿಮ್ಮೆಲ್ಲರ ಸಂಪ್ರದಾಯವಲ್ಲವೇ? ಎಸ್‌ಎಸ್‌ಎಚ್ ಬರುವ ಬಾಗಿಲಾದ 22ನೇ ಪೋರ್ಟಿಗೆ ಮೊದಲೇ ಅನುಮತಿ ಕೊಡುವುದು ಮರೆತಿದ್ದೆ. ಮರುದಿನ ಒಳಗೆ ಹೋಗಲು ನೋಡಿದರೆ, ಆ ಗೋಡೆ ಹಿಡಿದ ಮೊದಲ ಕಳ್ಳ ನಾನೇ. ಲೋಕಿಕೆರೆಗೆ ಬಸ್ ಹತ್ತಿದೆ.

ಅಲ್ಲಿ ಸರ್ವರಿನ ಮುಂದೆ ಕೂತರೆ, ಮಾತೆತ್ತಿದ್ದಕ್ಕೆಲ್ಲ ‘ಅನುಮತಿ ಇಲ್ಲ’. ರೇಗಿ, ಸೆಟ್ಟಿಂಗಿನ ಫೋಲ್ಡರಿಗೆಲ್ಲ 777 ಹಾಕಿ ಸರ್ವರಿಗೂ ಸಮಪಾಲು ಕೊಟ್ಟೆ. ಕೂಡಲೇ, ಯಜಮಾನನ ಅಧಿಕಾರ ಕೊಡುವ ಸುಡೊ ಮುನಿಸಿಕೊಂಡಿತು: ಯಾರು ಬೇಕಾದರೂ ತಿದ್ದಬಹುದಾದ ನಿಯಮಾವಳಿಯನ್ನು ಅದು ನಂಬುವುದಿಲ್ಲವಂತೆ! ಬೈಯೋಣವೆಂದರೆ ಕಸ್ಟಮರ್ ಕೇರ್ ನಂಬರಿಲ್ಲ. ಅಂತರ್ಜಾಲದಲ್ಲಿ ಕಂಡ ಕಂಡಲ್ಲಿ ಗೋಳು ತೋಡಿಕೊಂಡು, ತಾಳ್ಮೆಗೆಟ್ಟು, ರಾತ್ರೋರಾತ್ರಿ ಡಿಸ್ಕನ್ನೇ ಅಳಿಸಿ ಹೊಸದಾಗಿ ಡೆಬಿಯನ್ ಹಾಕಿದೆ. ಬೆಳಗ್ಗೆ ಯಾವುದೋ ದೇಶದ ಪುಣ್ಯಾತ್ಮನ ಉತ್ತರ ಬಂದಿತ್ತು: ರಿಕವರಿ ಮೋಡ್‌ಗೆ ಹೋಗು, ಹೀಗೆ ಹೀಗೆ ಮಾಡು, ಏನನ್ನೂ ಅಳಿಸಬೇಡ. ಕೆಳಗೊಂದು ಪ್ರಶ್ನೆ: ‘ಬ್ಯಾಕಪ್ ಇದೆ ತಾನೇ?’ ಇತ್ತು ಸ್ವಾಮಿ, ಅದೇ ಡಿಸ್ಕಿನಲ್ಲಿ.

ಅಕ್ಕ ಕೆಂಪು ರಟ್ಟಿನ ಖಾತೆ ಪುಸ್ತಕ ತಂದು ಮುಂದಿಟ್ಟಳು. ಕಂಪ್ಯೂಟರ್ ಬಂದಾಗಿನಿಂದ ಒಂದು ಸಾಲೂ ಬಿಟ್ಟಿರಲಿಲ್ಲ. ‘ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲಪ್ಪಾ, ಕರೆಂಟ್ ಮೇಲೆ’ ಎಂದಳು.

ಈಗ ಡೆಬಿಯನ್ ಗಟ್ಟಿಯಾಗಿ ನಡೀತಿದೆ; ನಾನು ಮುಟ್ಟದಿದ್ದರೆ ಅದಕ್ಕೆ ಯಾವ ರೋಗವೂ ಇಲ್ಲ. ರೂಟ್ ಪಾಸ್‌ವರ್ಡನ್ನು ಅಕ್ಕ ಬದಲಾಯಿಸಿದ್ದಾಳೆ. ಕೇಳಿದರೆ, ‘ಒತ್ತುವಾಗ ನನಗೂ ಏನೂ ಕಾಣ್ಲಿಲ್ಲಪ್ಪಾ’ ಅಂತಾಳೆ.