ಬೈರಕೂರಿನ ಎರೆಹುಳುಗಳ ಸನ್ನಿಧಾನಕ್ಕೆ

ಪರಮಪೂಜ್ಯ ಎರೆಹುಳುಗಳೇ,

ಮುಳಬಾಗಿಲು ತಾಲ್ಲೂಕು ಬೈರಕೂರು ಹೋಬಳಿಯ ರೈತನ ಸಾಷ್ಟಾಂಗ ನಮಸ್ಕಾರಗಳು. ನಮ್ಮ ಕೆಂಪು ಮಣ್ಣನ್ನು ಕೂಲಿ ಕೇಳದೆ ಉಳುವವರು ತಾವು. ಆ ಋಣ ತೀರಿಸಲಾರೆವು. ಆದರೂ ಮನಸ್ಸಿನಲ್ಲಿ ಕೆಲವು ದೂರುಗಳಿವೆ, ದಯಮಾಡಿ ಆಲಿಸಬೇಕು.

ತಮ್ಮ ಕುಲಕ್ಕೆಲ್ಲ ಒಂದೇ ಹೆಸರು, ಹೊಟ್ಟೆ ಮಾತ್ರ ಬೇರೆ ಬೇರೆ. ತೊಟ್ಟಿಯಲ್ಲಿ ಎರೆಗೊಬ್ಬರ ಮಾಡಿಕೊಡುವ ಯೂಡ್ರಿಲಸ್ ಆಫ್ರಿಕಾ ಮೂಲದವರು. ಸಗಣಿ, ಕೊಳೆತ ಸೊಪ್ಪು ಅವರ ಊಟ. ಟೊಮೆಟೊ ಹೊಲಕ್ಕೆ ತಂದು ಬಿಟ್ಟರೆ ಬರೀ ಮಣ್ಣು ತಿಂದು ಅವರು ಬಾಳರು. ಹೊಲದೊಳಗಿನ ತಾವೋ ಮಣ್ಣನ್ನೇ ನುಂಗುವವರು. ಅದರಲ್ಲಿ ಸತ್ವ ಕಡಿಮೆ. ಅದಕ್ಕೇ ತಮ್ಮಂಥವರ ಕರುಳಿನೊಳಗೆ ಟಿಫ್ಲೊಸೋಲ್ ಎಂಬ ಮಡಿಕೆ ಸಾಮಾನ್ಯವಾಗಿ ಹೆಚ್ಚು ಬೆಳೆದಿದ್ದು, ಸಾರ ಹೀರುವ ಜಾಗ ದೊಡ್ಡದಾಗಿದೆ. ದುಡ್ಡು ಕೊಟ್ಟು ಹುಳು ತಂದ ರೈತರಿಗೆ ಈ ಭೇದವನ್ನು ಯಾರೂ ತಿಳಿಸಲಿಲ್ಲ.

ತಮ್ಮ ಅಡುಗೆಮನೆಯ ಗುಟ್ಟಿಗೂ ಕೃತಜ್ಞರು. ಹಲ್ಲಿಲ್ಲದಿದ್ದರೂ ಅರೆಯುವ ಚೀಲದಲ್ಲಿ ಮರಳಿನ ಕಣಗಳ ನೆರವಿನಿಂದ ನುರಿಸಿ, ನೀರೂ ಲೋಳೆಯೂ ಬೆರೆಸುತ್ತೀರಿ. ಮಣ್ಣಿನಲ್ಲಿ ಹಸಿದು ಬಿದ್ದಿದ್ದ ಸೂಕ್ಷ್ಮಾಣುಗಳು ಆ ಲೋಳೆಯುಂಡು ಎಚ್ಚೆತ್ತು, ತಮ್ಮಿಂದ ಅರಗದ್ದನ್ನು ಒಡೆದುಕೊಡುತ್ತವೆ. ಆ ಫಲದಲ್ಲಿ ತಮಗೆ ಪಾಲು, ಹಿಕ್ಕೆಯಲ್ಲಿ ನಮ್ಮ ಬೆಳೆಗೆ ಪಾಲು. ಇಷ್ಟು ದೊಡ್ಡ ಉಪಕಾರವನ್ನು ನೆಲದೊಳಗೇ ಮಾಡಿ ಮುಗಿಸುವುದರಿಂದ ಉಳುವವರಿಗೇ ತಮ್ಮ ಬೆಲೆ ತಿಳಿಯದು.

ಎಲೆಗಳ ಒಗರಿನ ಪಾಲಿಫಿನಾಲ್‌ಗಳನ್ನು ಎದುರಿಸಲು ತಮ್ಮ ಕರುಳಿನಲ್ಲಿ ಡ್ರಿಲೋಡಿಫೆನ್ಸಿನ್ ಎಂಬ ಮದ್ದಿದೆಯೆಂದು 2015ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಮಹಾಪ್ರಸಾದ! ಆದರೆ ನಮ್ಮ ಜಿಲ್ಲೆಯ ನೀಲಗಿರಿ ತೋಪುಗಳ ಒಣಗಿದ ನೆಲಕ್ಕೆ ತೇವ ತರಲು ಆ ಮದ್ದಿನಿಂದಲೂ ಆಗದು.

ಇನ್ನು ಬೇಸಿಗೆ. ಬೋರ್‌ವೆಲ್ ಬತ್ತಿ ನಾವು ಒದ್ದಾಡುವಾಗ, ತಮ್ಮಲ್ಲಿ ಹಲವರು ಊಟ ಬಿಟ್ಟು, ಕರುಳು ಬರಿದು ಮಾಡಿಕೊಂಡು, ಆಳದಲ್ಲಿ ಸುರುಳಿ ಸುತ್ತಿ ಮಲಗುತ್ತೀರಿ. ಮಳೆಯ ಹದ ಬಂದರೇ ಏಳುವುದು. ಬರಗಾಲಕ್ಕೆ ಒಗ್ಗಿದ ಆ ದೇಹಕ್ಕೆ ಕೈಮುಗಿಯುತ್ತೇವೆ. ಆದರೆ ತಾವು ಮಲಗಿದಷ್ಟು ಕಾಲ ಹೊಲವೂ ಮಲಗಿರುತ್ತದೆ.

ಆದ್ದರಿಂದ ವಿನಮ್ರ ಬಿನ್ನಹ. ರಾಗಿ ಕೂಳೆ, ಅವರೆ ಹೊಟ್ಟು ಸುಡುವುದಿಲ್ಲ. ತಿಪ್ಪೆಗೊಬ್ಬರ ಹಾಕಿ, ಸೊಪ್ಪು ಹೊದಿಸಿ ತೇವ ಕಾಯುತ್ತೇವೆ. ಹೊರಗಿನ ಹುಳು ಸುರಿಯುವುದಕ್ಕಿಂತ ಇಲ್ಲಿನವರ ಹೊಟ್ಟೆಗೆ ಒಗ್ಗುವ ಊಟ ಇಡುವುದೇ ನಮ್ಮ ಕೆಲಸ. ತಾವು ಬಂದು ಹೊಟ್ಟೆತುಂಬ ಉಣ್ಣಬೇಕು. ಈ ಹೋಬಳಿಯ ಒಂದು ಹೊಲವನ್ನೂ ಬಿಟ್ಟುಹೋಗಬಾರದು.

ಇತಿ ತಮ್ಮ ವಿಧೇಯ,
ಬೈರಕೂರು ಹೋಬಳಿಯ ಒಬ್ಬ ರೈತ