ಕೂಸಿನ ಕೈಸನ್ನಿ ಕೋರ್ಸು

(ಸಿಂದಗಿ. ಕಟ್ಟಿ ಮ್ಯಾಲ ಅತ್ತಿ, ಕೂಸು, ಬೆಂಗಳೂರಿನಿಂದ ಬಂದ ಸೊಸಿ.)

ಸೊಸಿ: ಅತ್ತಿ, ಕೂಸಿಗಿ ಕೈಸನ್ನಿ ಕಲಸಲಾಕತ್ತೀನ್ರಿ. ಮಾತು ಬರೂಕಿಂತ ಮೊದಲ 'ಹಾಲು', 'ಸಾಕು' ಅಂತ ಕೈಲೇ ಹೇಳ್ತದ. ಅಮೆರಿಕಾದಾಗ ಆಕ್ರೆಡೊಲೊ, ಗುಡ್‌ವಿನ್ ಅನ್ನೋ ಇಬ್ಬರು 1996ರಾಗ ಪುಸ್ತಕನ ಬರ್ದಾರ.

ಅತ್ತಿ: ಅಲ್ಲವಾ, ಬಸವನ ಬಾಗೇವಾಡಿ ನನ್ನ ತವರಾಗ ನಿನ್ನ ಗಂಡ ವರ್ಷ ತುಂಬೂದ್ರಾಗ ಶರಣು ಮಾಡ್ತಿದ್ದ. ಇಂಡಿ ಲಿಂಬಿಹಣ್ಣು ನೆಕ್ಕಿಸಿದ್ರ ಮಾರಿ ಹಿಂಡಿ ಒಲ್ಲೆ ಅಂತಿದ್ದ. ಮುದ್ದೇಬಿಹಾಳ ಬಸ್ಸು ಕಂಡ್ರ ಟಾಟಾ. ಅವಕ್ಕ ಯಾ ಪುಸ್ತಕ?

ಸೊಸಿ: ಅವು ಬ್ಯಾರೆ ರೀ. ಇದಕ್ಕ ಫೀ ಅದ.

ಅತ್ತಿ: ಹಂಗಾರ ಚಲೋನ ಇರಬೇಕು. ಎಷ್ಟು ಸನ್ನಿ ಕಲ್ತದ?

ಸೊಸಿ: ಒಂದ ರೀ. ಬೆರಳಿಲೆ ಮೊಬೈಲ್ ಸರಸೂದು. ಅದೂ ನಾ ಕಲಿಸಿದ್ದಲ್ಲ.

ಅತ್ತಿ: ಮಗ್ಗಲ ಮನಿ ಹುಡುಗಿಗಿ ಕಿವಿ ಕೇಳಂಗಿಲ್ಲ. ಆಕಿ ಜೋಡಿ ನಾಕು ಸನ್ನಿ ಮಾತಾಡು.

ಸೊಸಿ: ಅದು ನಮ್ಮ ಕೋರ್ಸಿನಾಗ ಇಲ್ರಿ.

(ಇಲ್ಲ, ನಿಜ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ ಹೊರತಂದ 10,000 ಪದಗಳ ನಿಘಂಟಿನಲ್ಲಿದೆ. ಪುಕ್ಕಟೆ ಸಿಗುತ್ತದೆ, ಬಹುಶಃ ಅದೇ ಅದರ ದೋಷ.)